ಪೇಟೆಂಟ್ ಏಜೆಂಟ್: ಕಂಪ್ಯೂಟರ್ ತಂತ್ರಜ್ಞಾನ

ಹೊಸ ಆವಿಷ್ಕಾರವೊಂದನ್ನು ತನ್ನ ಒಪ್ಪಿಗೆಯಿಲ್ಲದೆ ಇತರರು ತಯಾರಿಸದಂತೆ, ಬಳಸದಂತೆ, ಮಾರದಂತೆ ನಿಗದಿತ ಅವಧಿಯವರೆಗೆ ತಡೆಯಲು ಆವಿಷ್ಕಾರಕನಿಗೆ ಸರ್ಕಾರ ಕೊಡುವ ಹಕ್ಕನ್ನು ಪೇಟೆಂಟ್ ಎನ್ನುತ್ತಾರೆ. ಆ ಹಕ್ಕಿಗಾಗಿ ಅರ್ಜಿ ಬರೆದು, ಪೇಟೆಂಟ್ ಕಚೇರಿಯೊಡನೆ ವ್ಯವಹರಿಸಿ, ಅಲ್ಲಿನ ಪರೀಕ್ಷಕರ ಆಕ್ಷೇಪಗಳಿಗೆ ಉತ್ತರ ಕೊಡುವ ಅಧಿಕಾರವುಳ್ಳ ನೋಂದಾಯಿತ ವೃತ್ತಿಪರರನ್ನು ಭಾರತದ 1970ರ ಪೇಟೆಂಟ್ ಕಾಯ್ದೆ ಪೇಟೆಂಟ್ ಏಜೆಂಟ್ ಎಂದು ಗುರುತಿಸುತ್ತದೆ. ಅಮೆರಿಕದಲ್ಲಿ ಇದೇ ಕೆಲಸ ಮಾಡುವ ವಕೀಲರಿಗೆ ಪೇಟೆಂಟ್ ಅಟಾರ್ನಿ ಎಂಬ ಹೆಸರಿದ್ದು, ಬೆಂಗಳೂರಿನ ಕಂಪನಿಗಳಲ್ಲಿಯೂ ಆ ಹೆಸರೇ ಹೆಚ್ಚು ಕೇಳಿಬರುತ್ತದೆ. ಕಂಪ್ಯೂಟರ್ ತಂತ್ರಜ್ಞಾನದಲ್ಲಿ ಪಳಗಿದ ಏಜೆಂಟರು ಸಾಫ್ಟ್‌ವೇರ್, ಚಿಪ್ಪು, ದೂರಸಂಪರ್ಕ, ಚಿತ್ರ ಸಂಸ್ಕರಣೆ, ಯಂತ್ರಕಲಿಕೆ ಮುಂತಾದ ವಿಷಯಗಳ ಅರ್ಜಿಗಳನ್ನು ನೋಡಿಕೊಳ್ಳುತ್ತಾರೆ. ಪೇಟೆಂಟ್ ವೃತ್ತಿಯ ಎಲ್ಲ ಶಾಖೆಗಳಲ್ಲಿ ಕಾನೂನಿನ ಗೆರೆ ಅತ್ಯಂತ ಅಸ್ಪಷ್ಟವಾಗಿರುವುದು ಈ ಶಾಖೆಯಲ್ಲಿಯೇ.

ಈ ವೃತ್ತಿಯನ್ನು ಮಹಾನಗರದ ಕಚೇರಿಗಳಿಂದ ನೋಡುವುದು ರೂಢಿಯಾದರೂ, ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಂದ ನೋಡಿದಾಗ ಅದರ ಬಲವೂ ಕೊರತೆಯೂ ಹೆಚ್ಚು ನಿಚ್ಚಳವಾಗಿ ಕಾಣುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿ ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಸೂಳೆಕೆರೆಯ ಆಸುಪಾಸಿನ ಅಡಿಕೆ ತೋಟಗಳು, ತುಂಗಭದ್ರೆಯ ದಂಡೆಯ ಮತ್ತು ಭದ್ರಾ ನಾಲೆಯ ಭತ್ತದ ಗದ್ದೆಗಳು, ನ್ಯಾಮತಿ ಸೀಮೆಯ ಮೆಕ್ಕೆಜೋಳ, ಜಗಳೂರಿನ ಕೊಳವೆಬಾವಿ ನಂಬಿದ ಒಣ ಬೇಸಾಯ ಇವುಗಳಿಗೆಲ್ಲ ಇಂದು ಸಂವೇದಕ, ಕ್ಯಾಮೆರಾ, ಮೊಬೈಲ್ ಸಿಗ್ನಲ್ ಮತ್ತು ಚಿಕ್ಕ ಪ್ರೊಸೆಸರುಗಳನ್ನು ಜೋಡಿಸುವ ಪ್ರಯತ್ನ ಸಾಧ್ಯವಾಗಿದೆ. ಹಾಗೆ ಹುಟ್ಟುವ ಉಪಕರಣ ಕಬ್ಬಿಣದ ಯಂತ್ರವೋ ಗಣಿತದ ಲೆಕ್ಕವೋ ಎಂಬ ಪ್ರಶ್ನೆ ಎದ್ದಾಗ ಪೇಟೆಂಟ್ ಏಜೆಂಟರ ಅಗತ್ಯ ಬೀಳುತ್ತದೆ.

ಭಾರತದಲ್ಲಿ ಪೇಟೆಂಟ್ ಪದ್ಧತಿ 1856ರ ಕಾಯ್ದೆಯಿಂದ ಆರಂಭವಾಯಿತು. ಮೊದಲ ಅರ್ಜಿಯನ್ನು ಅದೇ ವರ್ಷ ಕಲ್ಕತ್ತದ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಸಲ್ಲಿಸಿದರು. ಅದು ಪಂಕಾ ಎಳೆಯುವ ಯಂತ್ರಕ್ಕೆ ಸಂಬಂಧಿಸಿತ್ತು. 1911ರ ಕಾಯ್ದೆಯ ಕುಂದುಕೊರತೆಗಳನ್ನು ಪರಿಶೀಲಿಸಿದ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಆಧಾರದ ಮೇಲೆ 1970ರ ಕಾಯ್ದೆ ರೂಪುಗೊಂಡು 1972ರ ಏಪ್ರಿಲ್ 20ರಂದು ಜಾರಿಗೆ ಬಂದಿತು. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಸ್ವತ್ತಿನ ಒಪ್ಪಂದಕ್ಕೆ ಹೊಂದಿಸಲು ಅದನ್ನು 1999, 2002 ಮತ್ತು 2005ರಲ್ಲಿ ತಿದ್ದಲಾಯಿತು. ಈಗ ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಮೂಲ ಕಾಯ್ದೆಯಲ್ಲಿ ಕಂಪ್ಯೂಟರಿನ ಪ್ರಸ್ತಾಪವೇ ಇರಲಿಲ್ಲ. ಆ ವೇಳೆಗಾಗಲೇ ಅಮೆರಿಕದ ಮಾರ್ಟಿನ್ ಗೋಯೆಟ್ಜ್ ಮಾಹಿತಿಯನ್ನು ಕ್ರಮವಾಗಿ ಜೋಡಿಸುವ ಪದ್ಧತಿಯೊಂದಕ್ಕೆ 1968ರಲ್ಲಿ ಪೇಟೆಂಟ್ ಪಡೆದಿದ್ದರು; ಅದನ್ನು ಮೊದಲ ಸಾಫ್ಟ್‌ವೇರ್ ಪೇಟೆಂಟ್ ಎಂದು ಎಣಿಸಲಾಗುತ್ತದೆ.

ಭಾರತದ ಕಾನೂನಿಗೆ ಕಂಪ್ಯೂಟರ್ ಪ್ರವೇಶಿಸಿದ್ದು 2002ರ ತಿದ್ದುಪಡಿಯ ಮೂಲಕ. ಆ ತಿದ್ದುಪಡಿ ಸೇರಿಸಿದ ಸೆಕ್ಷನ್ 3(ಕೆ) ಪ್ರಕಾರ ಗಣಿತ ವಿಧಾನ, ವ್ಯಾಪಾರ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ ‘ತಾನೇ ತಾನಾಗಿ’ ಹಾಗೂ ಅಲ್ಗಾರಿದಂ, ಅಂದರೆ ಸಮಸ್ಯೆಯೊಂದನ್ನು ಬಿಡಿಸುವ ಹಂತಹಂತದ ಸೂತ್ರ, ಇವು ಕಾನೂನಿನ ಅರ್ಥದಲ್ಲಿ ಆವಿಷ್ಕಾರಗಳಲ್ಲ. ‘ತಾನೇ ತಾನಾಗಿ’ ಎಂಬ ಮಾತನ್ನು ಸಂಸತ್ತಿನ ಜಂಟಿ ಸಮಿತಿ ಸೇರಿಸಿತು; ಪ್ರೋಗ್ರಾಮಿನ ಜೊತೆಗೆ ಬೇರೆ ತಾಂತ್ರಿಕ ಅಂಶಗಳಿದ್ದಾಗ ಅವನ್ನೂ ಒಟ್ಟಿಗೆ ತಿರಸ್ಕರಿಸಬಾರದೆಂಬುದು ಅದರ ಆಶಯವಾಗಿತ್ತು. 2004ರ ಡಿಸೆಂಬರಿನಲ್ಲಿ ಹೊರಟ ಸುಗ್ರೀವಾಜ್ಞೆ ಈ ನಿಷೇಧವನ್ನು ಸಡಿಲಿಸಿ, ಉದ್ಯಮದಲ್ಲಿ ತಾಂತ್ರಿಕ ಅನ್ವಯವಿರುವ ಅಥವಾ ಹಾರ್ಡ್‌ವೇರಿನೊಡನೆ ಕೂಡಿದ ಪ್ರೋಗ್ರಾಮಿಗೆ ಪೇಟೆಂಟ್ ಕೊಡಬಹುದೆಂದಿತು. ಆದರೆ 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟು ಹಳೆಯ ಪದಗಳನ್ನೇ ಉಳಿಸಿಕೊಂಡಿತು. ಹೀಗೆ ಉಳಿದ ‘ತಾನೇ ತಾನಾಗಿ’ ಎಂಬ ಎರಡು ಪದಗಳ ಅರ್ಥ ಬಿಡಿಸುವುದರಲ್ಲಿಯೇ ಈ ಶಾಖೆಯ ಏಜೆಂಟರ ಬಹುಪಾಲು ದುಡಿಮೆ ಕಳೆಯುತ್ತದೆ.

ಪೇಟೆಂಟ್ ಕಚೇರಿಯೂ ಈ ವಿಷಯದಲ್ಲಿ ಒಂದೇ ನಿಲುವಿಗೆ ನಿಂತಿಲ್ಲ. 2015ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಅದೇ ಡಿಸೆಂಬರಿನಲ್ಲಿ ತಡೆಹಿಡಿಯಿತು. 2016ರ ಫೆಬ್ರುವರಿಯ ಮಾರ್ಗಸೂಚಿಯಲ್ಲಿ, ಪ್ರೋಗ್ರಾಂ ಹೊಸ ಹಾರ್ಡ್‌ವೇರಿನೊಡನೆ ಕೂಡಿದ್ದರೆ ಮಾತ್ರ ಪರಿಗಣನೆಗೆ ಅರ್ಹ ಎಂದಿತು. 2017ರ ಜೂನಿನಲ್ಲಿ ಆ ನಿಬಂಧನೆಯನ್ನೇ ತೆಗೆದುಹಾಕಿತು. 2025ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿತು. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಪ್ರೊಸೆಸರನ್ನೇ ಬಳಸಿ ಹೊಸದನ್ನು ಮಾಡುವುದೇ ಕಂಪ್ಯೂಟರ್ ಎಂಜಿನಿಯರನ ಜಾಣ್ಮೆಯಾಗಿರುವುದರಿಂದ ಹೊಸ ಹಾರ್ಡ್‌ವೇರಿನ ಷರತ್ತು ಈ ಕ್ಷೇತ್ರದ ಸ್ವಭಾವಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ನ್ಯಾಯಾಲಯಗಳೂ ಕಾಲಕ್ರಮದಲ್ಲಿ ಅದನ್ನು ಒಪ್ಪಲಿಲ್ಲ. ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2019ರ ಡಿಸೆಂಬರ್ 12ರಂದು ನೀಡಿದ ತೀರ್ಪು ತಾಂತ್ರಿಕ ಪರಿಣಾಮ ಅಥವಾ ತಾಂತ್ರಿಕ ಕೊಡುಗೆ ಇರುವ ಆವಿಷ್ಕಾರವು ಕಂಪ್ಯೂಟರ್ ಪ್ರೋಗ್ರಾಮನ್ನು ಆಧರಿಸಿದೆ ಎಂಬ ಒಂದೇ ಕಾರಣಕ್ಕೆ ನಿರಾಕೃತವಾಗಬಾರದೆಂದು ಸ್ಪಷ್ಟಪಡಿಸಿತು. ವೇಗದ ಹೆಚ್ಚಳ, ಮೆಮೊರಿಯ ಮಿತಬಳಕೆ, ದತ್ತಾಂಶದ ಸಮರ್ಥ ಸಂಕೋಚನ, ರೊಬೊಟ್ ತೋಳಿನ ಉತ್ತಮ ನಿಯಂತ್ರಣ, ರೇಡಿಯೊ ಸಂಕೇತದ ಸುಧಾರಿತ ಗ್ರಹಣ ಇಂಥವನ್ನು ತಾಂತ್ರಿಕ ಪರಿಣಾಮಕ್ಕೆ ಉದಾಹರಣೆಯಾಗಿ ಕೊಡಲಾಗುತ್ತದೆ. 2023ರ ರೇಥಿಯಾನ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, 2024ರ ಮೈಕ್ರೋಸಾಫ್ಟ್ ಪ್ರಕರಣದಲ್ಲಿ ಮದರಾಸು ಹೈಕೋರ್ಟ್ ಹೊಸ ಹಾರ್ಡ್‌ವೇರ್ ಬೇಕೆಂಬ ವಾದವನ್ನು ತಳ್ಳಿಹಾಕಿದವು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುವುದರಿಂದ ಇಲ್ಲಿನ ಏಜೆಂಟರಿಗೆ ಮದರಾಸಿನ ತೀರ್ಪು ಹೆಚ್ಚು ಹತ್ತಿರದ್ದು. ವ್ಯಾಪಾರ ವಿಧಾನದ ವಿಷಯದಲ್ಲಿ ಮಾತ್ರ ಇಂಥ ಸಡಿಲಿಕೆ ಇಲ್ಲ. ಆ ನಿಷೇಧ ಪೂರ್ಣ ಸ್ವರೂಪದ್ದೆಂದು 2023ರ ಓಪನ್‌ಟಿವಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ.

ಈ ಸೂಕ್ಷ್ಮಗಳು ಆಚರಣೆಯಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಚನ್ನಗಿರಿಯ ಅಡಿಕೆಯನ್ನೇ ಇಟ್ಟುಕೊಂಡು ವಿವರಿಸಬಹುದು. ಅಲ್ಲಿ ಹಸಿ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ ಸಿದ್ಧಪಡಿಸಿದ ಕೆಂಪಡಿಕೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ದರ್ಜೆಗಳ ಹೆಸರಿನಲ್ಲಿ ಮಾರುಕಟ್ಟೆ ಸೇರುತ್ತದೆ. ಸಾಗುವ ಪಟ್ಟಿಯ ಮೇಲೆ ಬರುವ ಅಡಿಕೆಯನ್ನು ಕ್ಯಾಮೆರಾದಿಂದ ನೋಡಿ ದರ್ಜೆ ವಿಂಗಡಿಸುವ ಯಂತ್ರವನ್ನು ಒಬ್ಬರು ರೂಪಿಸಿದ್ದಾರೆ ಎಂದಿಟ್ಟುಕೊಂಡರೆ, ಆ ಆವಿಷ್ಕಾರಕರು ಮೊದಲ ಭೇಟಿಯಲ್ಲಿ ಹೇಳುವ ಮಾತು ಬಹುಮಟ್ಟಿಗೆ ‘ನಮ್ಮ ಸಾಫ್ಟ್‌ವೇರ್ ಒಳ್ಳೆಯ ಅಡಿಕೆಯನ್ನು ಗುರುತಿಸುತ್ತದೆ’ ಎಂಬುದಾಗಿರುತ್ತದೆ. ಅಷ್ಟನ್ನೇ ಬರೆದರೆ ಅರ್ಜಿ ಅಲ್ಗಾರಿದಂ ಎಂಬ ಆಕ್ಷೇಪಕ್ಕೆ ನೇರವಾಗಿ ಗುರಿಯಾಗುತ್ತದೆ. ಅನುಭವಿ ಏಜೆಂಟರು ಅಲ್ಲಿಗೆ ನಿಲ್ಲದೆ, ಅಡಿಕೆ ಉರುಳುತ್ತಿರುವಾಗ ಚಿತ್ರ ಮಸುಕಾಗದಿರಲು ಏನು ಮಾಡಲಾಗಿದೆ, ದೀಪದ ಮಿಂಚು ಪಟ್ಟಿಯ ವೇಗಕ್ಕೆ ಹೇಗೆ ಹೊಂದಿಕೊಳ್ಳುತ್ತದೆ, ಒಂದೇ ಅಡಿಕೆಯ ಎರಡು ಮಗ್ಗುಲೂ ಹೇಗೆ ಕಾಣುತ್ತವೆ, ಇಂಟರ್ನೆಟ್ ಇಲ್ಲದ ಕಣದಲ್ಲಿ ಕಡಿಮೆ ಮೆಮೊರಿಯ ಪ್ರೊಸೆಸರ್ ತೀರ್ಮಾನವನ್ನು ಹೇಗೆ ಮುಗಿಸುತ್ತದೆ, ಆ ತೀರ್ಮಾನ ಅಡಿಕೆಯನ್ನು ಬೇರ್ಪಡಿಸುವ ಗಾಳಿಯ ಕವಾಟಕ್ಕೆ ಎಷ್ಟು ಬೇಗ ತಲುಪುತ್ತದೆ ಎಂದು ಒಂದೊಂದಾಗಿ ಕೇಳಿ ತಿಳಿಯುತ್ತಾರೆ. ಆವಿಷ್ಕಾರಕರು ಹೇಳಲೇಬೇಕಾದದ್ದೆಂದು ಭಾವಿಸದ ಈ ಉತ್ತರಗಳಲ್ಲಿ ತಾಂತ್ರಿಕ ಪರಿಣಾಮ ಅಡಗಿರುತ್ತದೆ. ಅದೇ ಯಂತ್ರ ದರ್ಜೆ ನೋಡಿ ಕ್ವಿಂಟಲಿಗೆ ಇಂತಿಷ್ಟು ದರವೆಂದು ಸೂಚಿಸುವ ಭಾಗ ವ್ಯಾಪಾರ ವಿಧಾನದ ನಿಷೇಧದೊಳಗೆ ಬೀಳುವುದರಿಂದ ಅದನ್ನು ಹಕ್ಕಿನ ಬೇಡಿಕೆಯಿಂದ ಹೊರಗಿಡುವುದು ಲೇಸು. ಕೃಷಿ ಅಥವಾ ತೋಟಗಾರಿಕೆಯ ವಿಧಾನವನ್ನು ಸೆಕ್ಷನ್ 3(ಎಚ್) ಹೊರಗಿಡುತ್ತದೆಂಬುದನ್ನೂ ಈ ಸೀಮೆಯ ಏಜೆಂಟರು ಮರೆಯುವಂತಿಲ್ಲ: ತೋಟಕ್ಕೆ ಯಾವಾಗ ನೀರು ಬಿಡಬೇಕೆಂಬ ಪದ್ಧತಿಗೆ ಪೇಟೆಂಟ್ ಸಿಗಲಾರದು, ನೀರು ಬಿಡುವ ನಿಯಂತ್ರಕ ಯಂತ್ರಕ್ಕೆ ಸಿಗಬಹುದು.

ಅರ್ಜಿಯ ಜೀವಾಳ ಎರಡು ಭಾಗಗಳಲ್ಲಿದೆ. ಆ ವಿಷಯದಲ್ಲಿ ಪರಿಣತರಾದ ಇನ್ನೊಬ್ಬರು ಓದಿ ಆವಿಷ್ಕಾರವನ್ನು ಮರಳಿ ಮಾಡಬಲ್ಲಷ್ಟು ವಿವರವಾಗಿ ಬರೆದದ್ದು ವಿವರಣಪತ್ರ. ಅದರ ಕೊನೆಯಲ್ಲಿ ಹಕ್ಕಿನ ಎಲ್ಲೆಯನ್ನು ಸಂಖ್ಯಾಕ್ರಮದ ವಾಕ್ಯಗಳಲ್ಲಿ ಗುರುತಿಸುವ ಭಾಗ ಕ್ಲೈಮ್. ಒಂದೊಂದು ಕ್ಲೈಮೂ ಎಷ್ಟೇ ಉದ್ದವಿದ್ದರೂ ಒಂದೇ ವಾಕ್ಯವಾಗಿರುವುದು ರೂಢಿ. ಕ್ಲೈಮ್ ಬರೆಯುವುದು ಜಮೀನಿನ ಚಕ್ಕುಬಂದಿ ಬರೆಸಿದಂತೆ: ಎಲ್ಲೆಯನ್ನು ವಿಪರೀತ ಹಿಗ್ಗಿಸಿದರೆ ಹಳೆಯ ಒಡೆಯರ ನೆಲ ತಾಗುತ್ತದೆ, ಕುಗ್ಗಿಸಿದರೆ ನೆರೆಯವನು ಬದುವಿನ ಪಕ್ಕದಲ್ಲಿಯೇ ಉತ್ತುಕೊಳ್ಳುತ್ತಾನೆ. ಜಗಳೂರಿನಂಥ ಒಣ ಸೀಮೆಗೆ ಹೊಂದುವ, ಮೊಬೈಲಿನಿಂದ ಪಂಪ್‌ಸೆಟ್ ಚಾಲೂ ಮಾಡುವ ಸ್ಟಾರ್ಟರಿಗೆ ಅರ್ಜಿ ಹಾಕುವುದಾದರೆ, ಅಂಥ ಉಪಕರಣಗಳು ಬಹುಕಾಲದಿಂದ ಮಾರುಕಟ್ಟೆಯಲ್ಲಿರುವುದರಿಂದ ‘ಮೊಬೈಲಿನಿಂದ ಮೋಟಾರು ಓಡಿಸುವುದು’ ಎಂಬ ವಿಶಾಲ ಕ್ಲೈಮ್ ನಿಲ್ಲದು. ಕೊಳವೆಬಾವಿಯ ನೀರು ಇಳಿದಾಗ ಮೋಟಾರು ಸೆಳೆಯುವ ವಿದ್ಯುತ್ತಿನಲ್ಲಿ ಆಗುವ ವ್ಯತ್ಯಾಸವನ್ನು ಹೊಸ ರೀತಿಯಲ್ಲಿ ಅಳೆದು ಮೋಟಾರು ಸುಡದಂತೆ ಕಾಯುವ ಅಂಶವಿದ್ದರೆ ಅದನ್ನು ಹಿಡಿಯಬೇಕಾಗುತ್ತದೆ. ಇದಕ್ಕೆ ಪೂರ್ವಭಾವಿಯಾಗಿ ಏಜೆಂಟರು ಭಾರತೀಯ ಪೇಟೆಂಟ್ ಕಚೇರಿಯ, ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಹಾಗೂ ಯುರೋಪಿಯನ್ ಪೇಟೆಂಟ್ ಕಚೇರಿಯ ಉಚಿತ ದತ್ತಸಂಚಯಗಳಲ್ಲಿ ಹಳೆಯ ದಾಖಲೆಗಳನ್ನು ಹುಡುಕುತ್ತಾರೆ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಗಣನೆಯ ವಿಷಯಗಳು ಜಿ06 ಎಂಬ ವರ್ಗದಲ್ಲಿಯೂ ವಿದ್ಯುತ್ ಸಂಪರ್ಕದ ವಿಷಯಗಳು ಎಚ್04 ಎಂಬ ವರ್ಗದಲ್ಲಿಯೂ ಸಿಗುತ್ತವೆ.

ಮೊದಲ ದಿನ ಬರೆಯದೆ ಬಿಟ್ಟದ್ದನ್ನು ಮುಂದೆ ಸೇರಿಸುವ ಅವಕಾಶ ಬಹಳ ಕಿರಿದು. ತಿದ್ದುಪಡಿ ಎಂದರೆ ಕೈಬಿಡುವುದು, ಸರಿಪಡಿಸುವುದು ಅಥವಾ ವಿವರಿಸುವುದು ಮಾತ್ರ. ಮೂಲ ವಿವರಣಪತ್ರದಲ್ಲಿ ಇಲ್ಲದ ವಿಷಯವನ್ನು ಒಳತರುವುದಕ್ಕೆ ಸೆಕ್ಷನ್ 59 ಅವಕಾಶ ಕೊಡುವುದಿಲ್ಲ. ಇದರ ಜೊತೆಗೆ ಪೇಟೆಂಟ್ ನಿಯಮಗಳ ಪ್ರಕಾರ ದಾಖಲೆಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರತಕ್ಕದ್ದು. ಹೊನ್ನಾಳಿ ಅಥವಾ ನ್ಯಾಮತಿಯ ವರ್ಕ್‌ಶಾಪಿನಲ್ಲಿ ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿಯೇ ವಿವರಿಸುವವರ ಆವಿಷ್ಕಾರ ಕಚೇರಿಯನ್ನು ತಲುಪುವುದು ಏಜೆಂಟರ ಇಂಗ್ಲಿಷಿನ ಮೂಲಕ. ಆ ದಾಟುವಿಕೆಯಲ್ಲಿ ಕಳೆದುಹೋದ ಅಂಶ ಕಾನೂನಿನ ಪಾಲಿಗೆ ಇರಲೇ ಇಲ್ಲ. ಹೀಗಾಗಿ ಚಿಕ್ಕ ಊರಿನ ಆವಿಷ್ಕಾರಕರಿಗೆ ದೊಡ್ಡ ತೊಡಕು ಶುಲ್ಕವೂ ಅಲ್ಲ, ಚೆನ್ನೈನ ದೂರವೂ ಅಲ್ಲ, ಕನ್ನಡದಲ್ಲಿ ಕುಳಿತು ಕೇಳಿ ಬರೆದುಕೊಳ್ಳುವ, ತಂತ್ರಜ್ಞಾನ ಬಲ್ಲ ಏಜೆಂಟರ ಅಭಾವ ಎನ್ನುವುದು ಹೆಚ್ಚು ಸರಿಯಾದ ಮಾತು.

ಹೊಸತನವನ್ನು ಕೈಯಾರೆ ಕಳೆದುಕೊಳ್ಳುವುದು ಇನ್ನೊಂದು ಅಪಾಯ. ಅರ್ಜಿಗೆ ಮೊದಲೇ ಸಾರ್ವಜನಿಕವಾದ ವಿಷಯಕ್ಕೆ ಸಾಮಾನ್ಯವಾಗಿ ಪೇಟೆಂಟ್ ಸಿಗದು. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಲ್ಲಿ ತೋರಿಸಿದ್ದಕ್ಕೆ ಮತ್ತು ವಿದ್ವತ್ ಸಂಘಗಳ ಮುಂದೆ ಓದಿದ ಪ್ರಬಂಧಕ್ಕೆ ಸೆಕ್ಷನ್ 31 ಹನ್ನೆರಡು ತಿಂಗಳ ರಿಯಾಯಿತಿ ಕೊಡುತ್ತದಾದರೂ, ಊರಿನ ವಸ್ತುಪ್ರದರ್ಶನಕ್ಕಾಗಲಿ ಯೂಟ್ಯೂಬ್ ವಿಡಿಯೊಗಾಗಲಿ ಆ ರಕ್ಷಣೆ ಇಲ್ಲ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಯಂತ್ರವನ್ನು ತೋರಿಸುವವರು, ದಾವಣಗೆರೆಯ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನಲ್ಲಿಯೋ ಯುಬಿಡಿಟಿ ಕಾಲೇಜಿನಲ್ಲಿಯೋ ಅಂತಿಮ ವರ್ಷದ ಪ್ರಾಜೆಕ್ಟ್ ಪ್ರದರ್ಶಿಸುವವರು ಅದಕ್ಕೆ ಮೊದಲೇ ತಾತ್ಕಾಲಿಕ ವಿವರಣಪತ್ರವನ್ನಾದರೂ ಸಲ್ಲಿಸುವುದು ಕ್ಷೇಮ. ಅದರಿಂದ ಆದ್ಯತೆಯ ದಿನಾಂಕ ದೊರೆತು, ಪೂರ್ಣ ವಿವರಣಪತ್ರಕ್ಕೆ ಹನ್ನೆರಡು ತಿಂಗಳ ಬಿಡುವು ಸಿಗುತ್ತದೆ. ಅರ್ಜಿ ಹದಿನೆಂಟು ತಿಂಗಳ ನಂತರ ತಾನಾಗಿಯೇ ಪ್ರಕಟವಾಗುತ್ತದೆ. ಆ ಪ್ರಕಟಣೆಯನ್ನೇ ಪೇಟೆಂಟ್ ಎಂದು ಹಾರ ಹಾಕಿ ಸನ್ಮಾನಿಸುವ ಪರಿಪಾಠವೂ ಉಂಟು. ಪರೀಕ್ಷೆಯೇ ಆಗದ ಕಾಗದಕ್ಕೆ ಅಷ್ಟು ಗೌರವ ಸಲ್ಲದು.

ಪರೀಕ್ಷೆಗೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕಿದ್ದು, 2024ರ ಮಾರ್ಚಿನ ನಿಯಮಗಳು ಅದರ ಗಡುವನ್ನು 48 ತಿಂಗಳಿನಿಂದ 31 ತಿಂಗಳಿಗೆ ಇಳಿಸಿವೆ. ಬಳಿಕ ಬರುವ ಮೊದಲ ಪರೀಕ್ಷಾ ವರದಿಯಲ್ಲಿ ಹೊಸತನದ ಕೊರತೆ, ಆವಿಷ್ಕಾರಕ ಹೆಜ್ಜೆಯ ಕೊರತೆ, ಸೆಕ್ಷನ್ 3(ಕೆ) ಆಕ್ಷೇಪ, ವಿವರಣೆಯ ಅಪೂರ್ಣತೆ ಇವು ಕಂಪ್ಯೂಟರ್ ಅರ್ಜಿಗಳ ಮಟ್ಟಿಗೆ ಹೆಚ್ಚುಕಡಿಮೆ ಕಾಯಂ ಅತಿಥಿಗಳು. ಆವಿಷ್ಕಾರಕ ಹೆಜ್ಜೆ ಎಂದರೆ ಆ ವಿಷಯದ ಪರಿಣತರಿಗೆ ಸಹಜವಾಗಿ ಹೊಳೆಯದ ತಾಂತ್ರಿಕ ಮುನ್ನಡೆ. ಉತ್ತರಕ್ಕೆ ಆರು ತಿಂಗಳಿದ್ದು, ಕೋರಿದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ ವಿಡಿಯೊ ಮೂಲಕವೂ ನಡೆಯುತ್ತದೆ. ಏಜೆಂಟರು ದಾಖಲೆಗಳನ್ನು ಆನ್‌ಲೈನಿನಲ್ಲಿಯೇ ಸಲ್ಲಿಸಬೇಕೆಂಬ ನಿಯಮವಿರುವುದರಿಂದ ಹೊನ್ನಾಳಿಯಲ್ಲಿ ಕುಳಿತು ವೃತ್ತಿ ನಡೆಸಲು ಅಡ್ಡಿಯಿಲ್ಲ. ವ್ಯಕ್ತಿಗಳು, ಸ್ಟಾರ್ಟ್‌ಅಪ್‌ಗಳು, ಸಣ್ಣ ಉದ್ದಿಮೆಗಳು ಮತ್ತು ಶಿಕ್ಷಣ ಸಂಸ್ಥೆಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷೆಗೆ 4,000 ರೂಪಾಯಿ. ದೊಡ್ಡ ಕಂಪನಿಗಳಿಗೆ ಇದು 8,000 ಮತ್ತು 20,000 ರೂಪಾಯಿ. ಮೂವತ್ತು ಪುಟ ಮತ್ತು ಹತ್ತು ಕ್ಲೈಮ್ ಮೀರಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಸ್ಟಾರ್ಟ್‌ಅಪ್‌ಗಳು ಮತ್ತು ಮಹಿಳಾ ಅರ್ಜಿದಾರರು ತ್ವರಿತ ಪರೀಕ್ಷೆ ಕೋರಬಹುದು. ಸ್ಟಾರ್ಟ್‌ಅಪ್‌ಗಳ ಪರವಾಗಿ ಏಜೆಂಟರ ಸಂಭಾವನೆಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2016ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರ ಈ ವಿಷಯಗಳಲ್ಲಿ ಮಾರ್ಗದರ್ಶನ ನೀಡುತ್ತದೆ.

ಏಜೆಂಟರಾಗಲು ಕಾನೂನು ಪದವಿ ಬೇಕಿಲ್ಲ. ಸೆಕ್ಷನ್ 126ರ ಪ್ರಕಾರ ಭಾರತದ ಪ್ರಜೆಯಾಗಿ, 21 ವರ್ಷ ತುಂಬಿ, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಪಡೆದವರು ಪೇಟೆಂಟ್ ಕಚೇರಿ ನಡೆಸುವ ಅರ್ಹತಾ ಪರೀಕ್ಷೆಗೆ ಕೂರಬಹುದು. ಅದರಲ್ಲಿ ಎರಡು ಲಿಖಿತ ಪತ್ರಿಕೆಗಳೂ ಮೌಖಿಕ ಪರೀಕ್ಷೆಯೂ ಇರುತ್ತವೆ. ದಾವಣಗೆರೆ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯೂ ಇದಕ್ಕೆ ಸಾಕು. ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕರಾಗಿ ಅಥವಾ ಅರ್ಜಿಗಳನ್ನು ತೀರ್ಮಾನಿಸುವ ಕಂಟ್ರೋಲರರಾಗಿ ಹತ್ತು ವರ್ಷ ಸೇವೆ ಸಲ್ಲಿಸಿದವರಿಗೆ ಪರೀಕ್ಷೆಯಿಂದ ವಿನಾಯಿತಿ ಇದೆ. ಕಂಪ್ಯೂಟರ್ ಕ್ಷೇತ್ರದಲ್ಲಿ ಪದವಿಗಿಂತಲೂ ಪ್ರೋಗ್ರಾಂ ಓದಿ ಅದರ ಹಿಂದಿನ ಆಲೋಚನೆಯನ್ನು ಬಿಡಿಸುವ ಶಕ್ತಿ ಹೆಚ್ಚು ಮುಖ್ಯ, ಅದು ಪರೀಕ್ಷೆಯಲ್ಲಿ ಅಳತೆಗೆ ಸಿಗುವಂಥದ್ದಲ್ಲ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಬೆಳೆದ ಸಂಶೋಧನಾ ಕೇಂದ್ರಗಳು ಈ ವೃತ್ತಿಗೆ ಮತ್ತೊಂದು ಮುಖ ಕೊಟ್ಟಿವೆ. ಅಲ್ಲಿ ಏಜೆಂಟರು ಎಂಜಿನಿಯರುಗಳ ಜೊತೆ ಕುಳಿತು ಅಮೆರಿಕ, ಯುರೋಪುಗಳಿಗೂ ಅರ್ಜಿ ಸಿದ್ಧಪಡಿಸುತ್ತಾರೆ. ಭಾರತದಲ್ಲಿ ವಾಸಿಸುವವರು ಹೊರದೇಶದಲ್ಲಿ ಮೊದಲು ಅರ್ಜಿ ಹಾಕಬೇಕಿದ್ದರೆ ಸೆಕ್ಷನ್ 39ರ ಅನುಮತಿ ಪಡೆಯಬೇಕು, ಇಲ್ಲವೇ ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು. ಪೇಟೆಂಟ್ ಬೇಡವೆಂದು ಸಲಹೆ ಕೊಡುವುದೂ ಏಜೆಂಟರ ಕೆಲಸವೇ. ಪ್ರೋಗ್ರಾಮಿನ ಪಠ್ಯಕ್ಕೆ ಕೃತಿಸ್ವಾಮ್ಯ ತಾನಾಗಿ ದೊರೆಯುತ್ತದೆ. ಚಿಪ್ಪಿನ ಮಂಡಲ ವಿನ್ಯಾಸಕ್ಕೆ 2000ರ ಪ್ರತ್ಯೇಕ ಕಾಯ್ದೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ ರೂಪಿಸಿದ ಅಗ್ಗದ ಕೈಗಣಕ ಸಿಂಪ್ಯೂಟರ್ ಬೇರೆ ದಾರಿ ಹಿಡಿಯಿತು: ಅದರ ಹಾರ್ಡ್‌ವೇರ್ ವಿನ್ಯಾಸವನ್ನು ಟ್ರಸ್ಟಿನ ಮೂಲಕ, ಮುಕ್ತ ಸಾಫ್ಟ್‌ವೇರಿನ ಮಾದರಿಯಲ್ಲಿ ರಚಿಸಿದ ಪರವಾನಗಿಯಡಿ ತಯಾರಕರಿಗೆ ತೆರೆದಿಡಲಾಯಿತು. ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 2004ರಲ್ಲಿ ಮಾರುಕಟ್ಟೆಗೆ ಬಂದ ಅದರ ಅಮಿಡ ಮಾದರಿಗೆ ನಿರೀಕ್ಷಿಸಿದಷ್ಟು ಗಿರಾಕಿ ಸಿಗಲಿಲ್ಲ. ಅದರಿಂದ ಮುಕ್ತ ಮಾರ್ಗವೇ ತಪ್ಪೆಂದು ತೀರ್ಮಾನಿಸುವುದು ಆತುರವಾದೀತು.

ಪೇಟೆಂಟ್ ಕಚೇರಿಯ ಹೊರಗೆ ಏಜೆಂಟರ ಅಧಿಕಾರ ಮೊಟಕಾಗುತ್ತದೆ. ವಕೀಲರೂ ಆಗಿರದ ಏಜೆಂಟರು ಉಲ್ಲಂಘನೆಯ ದಾವೆಯಲ್ಲಿ ನ್ಯಾಯಾಲಯದ ಮುಂದೆ ವಾದಿಸಲಾರರು. ಅಂಥ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲವಾದ್ದರಿಂದ ಈ ನಾಲ್ಕು ತಾಲ್ಲೂಕುಗಳ ಪೇಟೆಂಟುದಾರರು ತಾಲ್ಲೂಕು ನ್ಯಾಯಾಲಯಗಳಿಗೆ ಹೋಗಿ ಪ್ರಯೋಜನವಿಲ್ಲ, ಜಿಲ್ಲಾ ನ್ಯಾಯಾಲಯಕ್ಕಾದರೂ ಹೋಗಬೇಕು. ಪ್ರತಿವಾದಿ ಪೇಟೆಂಟನ್ನೇ ರದ್ದುಗೊಳಿಸಬೇಕೆಂದು ಪ್ರತಿದಾವೆ ಹೂಡಿದರೆ ಪ್ರಕರಣ ಹೈಕೋರ್ಟಿಗೆ ವರ್ಗವಾಗುತ್ತದೆ. ಅರ್ಜಿ ತಿರಸ್ಕೃತವಾದಾಗಿನ ಮೇಲ್ಮನವಿಯನ್ನು ಹಿಂದೆ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿ ಕೇಳುತ್ತಿತ್ತು. 2021ರಲ್ಲಿ ಆ ಮಂಡಳಿ ರದ್ದಾದ ಮೇಲೆ, ಚೆನ್ನೈ ಕಚೇರಿಯ ಆದೇಶದ ವಿರುದ್ಧದ ಮೇಲ್ಮನವಿಯನ್ನು ಮೂರು ತಿಂಗಳೊಳಗೆ ಮದರಾಸು ಹೈಕೋರ್ಟಿನಲ್ಲಿ ಸಲ್ಲಿಸಬೇಕಾಗುತ್ತದೆ.